ಪ್ರಸಾದನ ಹೆಸರಿನ ಮುಂದಿನ ಟಿಕ್ಕು

“ನನ್ನ ಹೆಸರು ಯಾಕ್ರೀ ಕಿತ್ತಾಕಿದ್ದೀರಾ?”

ಹೆಲ್ಮೆಟ್ಟು ಧಡ್ಡನೆ ಮೇಜಿನ ಮೇಲೆ ಬಿತ್ತು. ಇಂದ್ರಾಣಿ ಬೆಚ್ಚಿ ತಲೆಯೆತ್ತಿದಳು.

ಎದುರಿಗೆ ನಿಂತವನ ಮುಖ ಸಿಟ್ಟಿನಿಂದ ಕೆಂಪೇರಿತ್ತು. ಅಂಗಿಯ ಜೇಬಿನ ಮೇಲೆ ‘ಮದನ್’ ಎಂದು ಹೆಸರು ಹೊಲಿದಿತ್ತು. ನಂಜನಗೂಡಿನ ಕೈಗಾರಿಕಾ ಪ್ರದೇಶದ ಆ ಸರ್ವಿಸ್ ಕಂಪನಿಗೆ ಅವಳು ಸೇರಿ ಇನ್ನೂ ಒಂದು ವಾರ. ಅಕ್ಕಿ ಗಿರಣಿ, ಕೋಲ್ಡ್ ಸ್ಟೋರೇಜುಗಳ ಜನರೇಟರು, ಕರೆಂಟ್ ಪ್ಯಾನಲುಗಳನ್ನು ರಿಪೇರಿ ಮಾಡುವ ಕಂಪನಿ ಅದು. ಯಾವ ಟೆಕ್ನಿಷಿಯನ್ನಿಗೆ ಏನು ಕೆಲಸ ಬರುತ್ತದೆ, ಯಾರ ಸರ್ಕಾರಿ ಪರ್ಮಿಟ್ಟು ಎಂದಿಗೆ ಮುಗಿಯುತ್ತದೆ ಎಂದು ಸಾಫ್ಟ್‌ವೇರಿಗೆ ತುಂಬುವುದು ಅವಳ ಕೆಲಸ. ಅದನ್ನು ನೋಡಿಯೇ ಸಾಫ್ಟ್‌ವೇರು ಒಬ್ಬೊಬ್ಬರ ಫೋನಿಗೆ ಕೆಲಸ ಹಂಚುತ್ತಿತ್ತು.

“ಕಿತ್ತಾಕಿಲ್ಲ. ನಿಮ್ಮ ಪರ್ಮಿಟ್ ಅವಧಿ ಮುಗಿದಿದೆ. ಹೊಸದು ಬರೋವರ್ಗೂ ಹೈಟೆನ್ಷನ್ ಪ್ಯಾನಲ್ ಕೆಲಸ ನಿಮ್ಗೆ ಬರಲ್ಲ.”

“ಒಂಬತ್ತು ವರ್ಷದಿಂದ ಮಾಡ್ತಿದ್ದೀನಿ! ಕರೆಂಟಿಗೆ ನನ್ನ ಕೈ ಗೊತ್ತು. ನಿಮ್ಮ ಕಂಪ್ಯೂಟರಿಗೆ ಗೊತ್ತಿಲ್ಲ ಅಂದ್ರೆ ನಾನೇನ್ ಮಾಡ್ಲಿ?”

“ಕರೆಂಟಿಗೆ ಯಾರ ಕೈಯೂ ಗೊತ್ತಿರಲ್ಲ ರೀ...” ಅವಳು ಕೀಬೋರ್ಡಿನಿಂದ ಕೈ ತೆಗೆದಳು. “ನಮ್ಮಪ್ಪ ಇಪ್ಪತ್ತು ವರ್ಷ ಅದೇ ಪಂಪ್‌ಸೆಟ್ ಸ್ಟಾರ್ಟರ್ ಮುಟ್ತಿದ್ರು. ಒಂದಿನ ಅದೇ ಅವ್ರ ಜೀವ ಎಳ್ಕೊಂಡ್ಬಿಡ್ತು.”

ಮದನ್ ಹೆಲ್ಮೆಟ್ಟನ್ನು ಮೆಲ್ಲಗೆ ಎತ್ತಿಕೊಂಡು ಹೊರಟುಹೋದ.

ಮರುದಿನ ಬಂದವನು ಮೇಜಿನ ಮುಂದೆ ತಲೆ ತಗ್ಗಿಸಿ ನಿಂತ. “ನಿನ್ನೆ ಜೋರ್ ಮಾಡ್ಬಾರ್ದಿತ್ತು... ತಪ್ಪಾಯ್ತು.”

ಅವಳಿಗೆ ನಗು ಬಂತು. ಆ ನಗುವಿನಿಂದಲೇ ಎಲ್ಲ ಶುರುವಾಗಿದ್ದು!

ಆದರೆ ಪರ್ಮಿಟ್ಟಿನ ಅರ್ಜಿ ಮಾತ್ರ ಅವನು ಹಾಕಲಿಲ್ಲ. ಅವಳು ಕೇಳಿದಾಗಲೆಲ್ಲ, “ನಾಳೆ ಹಾಕಿದ್ರಾಯ್ತು ಬಿಡ್ರೀ” ಎನ್ನುತ್ತಿದ್ದ. ಒಂಬತ್ತು ವರ್ಷ ಕೆಲಸ ಮಾಡಿದವನು ಮತ್ತೆ ಹೋಗಿ ಕಾಗದ ಬೇಡಬೇಕಾ ಎಂಬ ಹಠ. ಹಾಗೇ ಎರಡು ತಿಂಗಳಾಯಿತು.

ಅವನ ಬಾವ ಪ್ರಸಾದ್ ಕೂಡ ಅದೇ ಕಂಪನಿಯಲ್ಲಿದ್ದ. ಅಕ್ಕ ವನಿತಾಳ ಗಂಡ. ಟಿ. ನರಸೀಪುರದಲ್ಲಿ ಮನೆ. ಅವನನ್ನು ಈ ಕೆಲಸಕ್ಕೆ ಕರೆತಂದವನೇ ಮದನ್. ಪ್ರಸಾದ್ ಸಣ್ಣ ಜನರೇಟರುಗಳನ್ನಷ್ಟೇ ನೋಡುತ್ತಿದ್ದ.

“ಮೇಡಂ, ನಮ್ಮ ಮದನ ತಲೆ ತಗ್ಸೋದು ನಿಮ್ಮ ಎದುರ್ಗೆ ಮಾತ್ರ ಕಣ್ರೀ!” ಎಂದು ರೇಗಿಸುತ್ತಿದ್ದ ಪ್ರಸಾದ್.

“ನೀವೂ ಹೈಟೆನ್ಷನ್ ಟ್ರೈನಿಂಗ್ ತಗೊಳ್ಳಿ ಅಣ್ಣ. ಮುಂದಕ್ಕೆ ಒಳ್ಳೇದು.”

“ಅಯ್ಯೋ ಬ್ಯಾಡ ತಾಯಿ! ಆ ದೊಡ್ ಪ್ಯಾನಲ್ ನೋಡುದ್ರೇ ಎದೆ ಒಡ್ಕೊತದೆ. ನಂಗೆ ಜನರೇಟ್ರೇ ಸಾಕು.”

ಆ ಶುಕ್ರವಾರ ಬೆಳಿಗ್ಗೆ ಮ್ಯಾನೇಜರ್ ನಂಜುಂಡಸ್ವಾಮಿ ಅವಳ ಮೇಜಿಗೇ ಬಂದರು.

“ನರಸೀಪುರದ ಗಿರಣಿಯಲ್ಲಿ ದೊಡ್ಡ ಪ್ಯಾನಲ್ ಕೆಟ್ಟಿದೆ. ಪರ್ಮಿಟ್ ಇರೋನು ಹಾಸನದ ಕಡೆ ಹೋಗಿದ್ದಾನೆ. ಇವತ್ತೊಂದಿನ ಮದನನ ಹೆಸರು ಓಪನ್ ಮಾಡಮ್ಮ.”

“ಆಗಲ್ಲ ಸಾರ್. ಪರ್ಮಿಟ್ ಇಲ್ದೆ ಹೇಗೆ ಮಾಡ್ಲಿ?”

ಅವರು ಮುಖ ಗಂಟಿಕ್ಕಿಕೊಂಡು ಹೋದರು. ಅವಳಿಗೆ ಒಳಗೇ ದಿಗಿಲಾಯಿತು. ‘ಇನ್ನು ಬಿಟ್ಟರಾಗದು. ಇವತ್ತೇ ಅರ್ಜಿ ಹಾಕಿಸಬೇಕು...’

ಊಟದ ಹೊತ್ತಿಗೆ ಮದನನನ್ನು ಹೆಚ್ಚುಕಡಿಮೆ ಎಳೆದುಕೊಂಡೇ ಪೇಟೆಯ ಆನ್‌ಲೈನ್ ಸೆಂಟರಿಗೆ ಹೋದಳು. ಬೆಳಿಗ್ಗೆ ನಡೆದದ್ದನ್ನೂ ಹೇಳಿದಳು. ಮುಕ್ಕಾಲು ಗಂಟೆ ಸಾಲಿನಲ್ಲಿ ನಿಂತರು. ಅರ್ಜಿ ಹಾಕಿ ಹೊರಗೆ ಬಂದಾಗ ಅವನು ತಟ್ಟನೆ ಅಂದ.

“ಇಂದ್ರಾಣಿ... ಪರ್ಮಿಟ್ ಬಂದ್ಮೇಲೆ ನಿಮ್ಮವ್ವನ ನೋಡಕ್ಕೆ ನಿಮ್ಮೂರು ಹದಿನಾರಿಗೆ ಬರ್ಲಾ?”

ಅವಳು ನಕ್ಕು ಮುಖ ತಿರುಗಿಸಿದಳು. ಆಫೀಸಿನವರೆಗೂ ಅವಳ ಕಾಲು ನೆಲದ ಮೇಲಿರಲಿಲ್ಲ!

ನಾಲ್ಕೂಕಾಲಿಗೆ ಫೋನು ಬಂತು.

ಗಿರಣಿಯ ದೊಡ್ಡ ಪ್ಯಾನಲ್ ಮುಟ್ಟಿ ಪ್ರಸಾದ್ ಸ್ಥಳದಲ್ಲೇ ಸತ್ತಿದ್ದ.

ಇಂದ್ರಾಣಿ ಕಂಪ್ಯೂಟರು ತೆರೆದಳು. ಪ್ರಸಾದನ ಹೆಸರಿನ ಮುಂದೆ, ‘ಹೈಟೆನ್ಷನ್ ಪ್ಯಾನಲ್ – ಅರ್ಹ’ ಎಂಬಲ್ಲಿ ಹಸಿರು ಟಿಕ್ಕು ಬಿದ್ದಿತ್ತು. ಕೆಳಗೆ, ಬದಲಾವಣೆ ಮಾಡಿದವರು: ಇಂದ್ರಾಣಿ.

‘ನಾನಾ? ನಾನು ಯಾವಾಗ...?’

ಆಗ ನೆನಪಾಯಿತು. ಸೇರಿದ ಮೊದಲ ದಿನವೇ ನಂಜುಂಡಸ್ವಾಮಿ, “ನೀನು ರಜಾ ಹಾಕ್ದಾಗ ಬೇಕಾಗುತ್ತೆ” ಎಂದು ಅವಳ ಪಾಸ್‌ವರ್ಡ್ ಚೀಟಿಯಲ್ಲಿ ಬರೆಸಿಕೊಂಡಿದ್ದರು. ಎಲ್ಲರೂ ಕೊಟ್ಟಿದ್ದರು. ಅವಳೂ ಕೊಟ್ಟಿದ್ದಳು.

ಮದನನ ಹೆಸರು ತೆರೆದರೆ ಅವಳಿಗೆ ಗೊತ್ತಾಗುತ್ತದೆಂದು, ಅವರು ಗಿರಣಿಯ ಊರಿನವನೇ ಆದ ಪ್ರಸಾದನಿಗೆ ಟಿಕ್ಕು ಹಾಕಿದ್ದರು.

ಮಣ್ಣು ಮಾಡಿದ ಮೂರನೆಯ ದಿನ ಮದನ್ ಆಫೀಸಿನ ಗೇಟಿನ ಹತ್ತಿರ ಕಾದು ನಿಂತಿದ್ದ. ಗಡ್ಡ ಬೆಳೆದಿತ್ತು. ಕಣ್ಣಲ್ಲಿ ಅವಳ ಗುರುತೇ ಇಲ್ಲದಂತಿತ್ತು.

“ಮ್ಯಾನೇಜರ್ ತೋರಿಸಿದ್ರು. ಆ ಟಿಕ್ಕು ನಿಮ್ಮ ಹೆಸರಲ್ಲೇ ಬಿದ್ದಿದೆ.”

“ಮದನ್, ನಾನು ಹಾಕಿಲ್ಲ... ಒಂದ್ನಿಮಿಷ ಕೇಳಿ...”

“ನನ್ನ ಹೆಸರು ಓಪನ್ ಮಾಡು ಅಂದಾಗ ಕಾನೂನು ಹೇಳಿದ್ರಿ. ನನ್ನ ಬಾವನಿಗೆ ಯಾವ ಕಾನೂನೂ ಇರ್ಲಿಲ್ವಾ? ನಾನು ಹೋಗಿದ್ರೆ ಅವನು ಬದುಕಿರ್ತಿದ್ದ! ನಮ್ಮಕ್ಕನ ಮುಖ ನೋಡಕ್ಕಾಗ್ತಿಲ್ಲ ಕಣ್ರೀ ನಂಗೆ...”

“ಪಾಸ್‌ವರ್ಡ್...”

“ಸಾಕು!” ಅವನು ಕೈಯೆತ್ತಿದ. “ಇನ್ಮೇಲೆ ನನ್ನ ಜತೆ ಮಾತಾಡ್ಬೇಡಿ.”

ಅವಳು ಗೇಟಿಗೆ ಒರಗಿ ನಿಂತಳು. ಅಳು ಕೂಡ ಬರಲಿಲ್ಲ. ‘ಚೀಟಿ ಬರೆದುಕೊಟ್ಟದ್ದು ನನ್ನ ಕೈಯೇ ತಾನೇ? ಅವರು ಬೈದದ್ದರಲ್ಲಿ ಪೂರ್ತಿ ಸುಳ್ಳೇನಿದೆ...?’

ಸಾವಿನ ತನಿಖೆಗೆ ಸರ್ಕಾರದ ಅಧಿಕಾರಿ ಬರುವ ಹಿಂದಿನ ದಿನ ನಂಜುಂಡಸ್ವಾಮಿ ಅವಳನ್ನು ಒಳಗೆ ಕರೆದು ಬಾಗಿಲು ಹಾಕಿಸಿದರು.

“ನೋಡಮ್ಮ, ಪ್ರಸಾದೇ ಬಂದು ಟ್ರೈನಿಂಗ್ ಆಗಿದೆ ಅಂತ ಸುಳ್ಳು ಹೇಳಿ ಟಿಕ್ ಹಾಕಿಸ್ಕೊಂಡ ಅಂತ ಬರೆದುಕೊಡು. ಸತ್ತೋನಿಗೆ ಏನಾಗ್ಬೇಕು? ನಿನ್ನ ಕೆಲಸ ಉಳಿಯುತ್ತೆ.”

“ಅವರು ಹಾಗೆ ಹೇಳಿಲ್ಲ ಸಾರ್. ಟಿಕ್ ಹಾಕಿದ್ದು ನೀವು.”

“ಲಾಗಿನ್ ನಿಂದು. ನಾನು ಅಂತ ಯಾರು ನಂಬ್ತಾರೆ? ಮನೇಲಿ ನಿಮ್ಮವ್ವ ಒಬ್ಳೇ ಅಲ್ವಾ... ಯೋಚ್ನೆ ಮಾಡು.”

ಅವಳು ಮೇಜಿಗೆ ಬಂದು ಕೂತಳು. ಎದುರಿಗೆ ಬಿಳಿ ಹಾಳೆ. ಪೆನ್ನಿನ ಮುಚ್ಚಳ ತೆಗೆದಳು. ಪ್ರಸಾದನ ದನಿ ಕಿವಿಯಲ್ಲಿ ಹಾಗೇ ಇತ್ತು. ಅಷ್ಟು ಹೆದರುತ್ತಿದ್ದ ಮನುಷ್ಯನನ್ನು ಸತ್ತ ಮೇಲೆ ಸುಳ್ಳುಗಾರ ಮಾಡುವುದೇ...?

ಅವಳು ಹಾಳೆಯ ಮೇಲೆ ಏನೂ ಬರೆಯಲಿಲ್ಲ. ಸಾಫ್ಟ್‌ವೇರಿನಲ್ಲಿದ್ದ ಬದಲಾವಣೆಗಳ ಪಟ್ಟಿಯನ್ನು ಪೂರ್ತಿ ಪ್ರಿಂಟ್ ತೆಗೆದು ಬ್ಯಾಗಿಗೆ ಹಾಕಿಕೊಂಡಳು.

ತನಿಖೆ ಆಫೀಸಿನ ಮೀಟಿಂಗ್ ಕೋಣೆಯಲ್ಲೇ ನಡೆಯಿತು. ಪ್ರಸಾದನ ಮನೆಯವರ ಪರವಾಗಿ ಮದನನನ್ನೂ ಕರೆದಿದ್ದರು. ಅವನು ಮೂಲೆಯಲ್ಲಿ ನೆಲ ನೋಡುತ್ತ ಕೂತಿದ್ದ.

ಇಂದ್ರಾಣಿ ಎದ್ದು ನಿಂತಳು.

“ಸಾರ್, ನನ್ನ ಪಾಸ್‌ವರ್ಡನ್ನ ಮ್ಯಾನೇಜರಿಗೆ ಬರೆದುಕೊಟ್ಟಿದ್ದೆ. ಕೊಡಬಾರದಿತ್ತು. ಅದು ನನ್ನ ತಪ್ಪು, ಅದಕ್ಕೇನು ಶಿಕ್ಷೆಯಿದ್ರೂ ಸರಿ. ಆದ್ರೆ ಟಿಕ್ ಹಾಕಿದ್ದು ನಾನಲ್ಲ. ಪ್ರಸಾದಣ್ಣ ಯಾವತ್ತೂ ಕೇಳಿಲ್ಲ. ಆ ಪ್ಯಾನಲ್ ಅಂದ್ರೇನೇ ಅವರಿಗೆ ಭಯ ಇತ್ತು.”

“ಸುಳ್ಳು ಸಾರ್!” ನಂಜುಂಡಸ್ವಾಮಿ ಎದ್ದರು. “ತಾನೇ ಮಾಡಿ ನನ್ನ ಮೇಲೆ ಹಾಕ್ತಿದ್ದಾಳೆ.”

ಅಧಿಕಾರಿ ಅವಳು ಕೊಟ್ಟ ಹಾಳೆಗಳನ್ನು ತಿರುವಿದರು. “ಬದಲಾವಣೆ ಆಗಿರೋದು ಶುಕ್ರವಾರ ಮಧ್ಯಾಹ್ನ ಒಂದು ನಲವತ್ತಕ್ಕೆ. ಇದೇ ಆಫೀಸಿನ ಕಂಪ್ಯೂಟರಿಂದ. ಆಗ ನೀವೆಲ್ಲಿದ್ರಿ?”

ಇಂದ್ರಾಣಿ ಮದನನತ್ತ ನೋಡಲಿಲ್ಲ. “ಹೊರಗಿದ್ದೆ ಸಾರ್.”

“ಯಾರಾದ್ರೂ ನೋಡಿದ್ದಾರಾ?”

ಅವಳು ತುಟಿ ಕಚ್ಚಿದಳು. ಮಾತಾಡಬೇಡ ಎಂದವನ ಹೆಸರನ್ನು ಹೇಗೆ ಹೇಳುವುದು?

ಮೂಲೆಯಲ್ಲಿ ಕುರ್ಚಿ ಸರಿದ ಸದ್ದಾಯಿತು.

“ನಾನು ನೋಡಿದ್ದೀನಿ ಸಾರ್.” ಮದನ್ ಎದ್ದು ನಿಂತಿದ್ದ. ಮುಖ ಬಿಳಿಚಿಕೊಂಡಿತ್ತು. “ಒಂದೂವರೆಯಿಂದ ಎರಡೂಕಾಲ್ವರ್ಗೂ ನನ್ನ ಜತೆ ಆನ್‌ಲೈನ್ ಸೆಂಟರಲ್ಲಿದ್ರು. ನನ್ನ ಪರ್ಮಿಟ್ ಅರ್ಜಿಯ ರಸೀತಿ ಇದೆ. ಅದರಲ್ಲೂ ಟೈಮ್ ಇದೆ.”

ಅಧಿಕಾರಿ ರಸೀತಿಗೆ ಕೈ ಚಾಚಿದರು. ನಂಜುಂಡಸ್ವಾಮಿ ಹಣೆ ಒರೆಸಿಕೊಳ್ಳುತ್ತ ಕೂತುಬಿಟ್ಟರು.

ಆ ಸಂಜೆಯೊಳಗೆ ಅವರನ್ನು ಪೊಲೀಸರು ಕರೆದೊಯ್ದರು. ಪಾಸ್‌ವರ್ಡ್ ಕೊಟ್ಟದ್ದಕ್ಕಾಗಿ ಇಂದ್ರಾಣಿಯ ಕೆಲಸವೂ ಹೋಯಿತು. ಅವಳು ಯಾರಿಗೂ ಎದುರಾಡದೆ ಬ್ಯಾಗು ತೆಗೆದುಕೊಂಡು ಹೊರಟಳು.

ಮರುದಿನ ಬೆಳಿಗ್ಗೆ ಅವಳು ನರಸೀಪುರದ ಬಸ್ಸು ಹತ್ತಿದಳು. ವನಿತಾಳ ಮುಖ ನೋಡದೆ ಇನ್ನು ಅವಳಿಂದ ಇರಲಾಗುತ್ತಿರಲಿಲ್ಲ.

ವನಿತಾ ಗೋಡೆಗೊರಗಿ ಕೂತಿದ್ದಳು. ಹಣೆ ಬರಿದಾಗಿತ್ತು. ಮದನ್ ಹಿತ್ತಿಲ ಬಾಗಿಲಲ್ಲಿ ನಿಂತಿದ್ದವನು ಇಂದ್ರಾಣಿಯನ್ನು ಕಂಡು ಅಲ್ಲೇ ಉಳಿದ.

“ಅಕ್ಕಾ... ಪಾಸ್‌ವರ್ಡ್ ಕೊಟ್ಟೋಳು ನಾನು. ಹೇಳೋಕಂತ್ಲೇ ಬಂದೆ.”

ವನಿತಾ ಅವಳತ್ತ ತಿರುಗಿದಳು.

“ಆವತ್ತು ಕೆಲಸ ಶುರು ಮಾಡೋಕೆ ಮುಂಚೆ ನಂಗೆ ಫೋನ್ ಮಾಡಿದ್ರು,” ಎಂದಳು. “‘ದೊಡ್ ಪ್ಯಾನಲ್ಗೆ ನನ್ನೆಸ್ರು ಬಂದದೆ ಕಣೆ, ಎದ್ರಿಕೆ ಆಯ್ತದೆ’ ಅಂದ್ರು. ಹಂಗಾದ್ರೆ ಮುಟ್ಬ್ಯಾಡಿ ಅಂದೆ. ‘ಇಲ್ಲ ಕಣೆ, ಇಂದ್ರಾಣಿ ಮೇಡಂ ಹಾಕಿರ್ತಾರೆ. ಆಯಮ್ಮ ತಪ್ಪು ಮಾಡಾಕಿಲ್ಲ’ ಅಂದ್ರು.”

ಇಂದ್ರಾಣಿ ನೆಲದ ಮೇಲೆ ಕೂತು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಇಷ್ಟು ದಿನ ಬಾರದ ಅಳು ಈಗ ಒಮ್ಮೆಲೇ ಉಕ್ಕಿ ಬಂತು.

ವನಿತಾ ಅವಳನ್ನು ಸಮಾಧಾನ ಮಾಡಲಿಲ್ಲ. ಎದ್ದು ಹೋಗು ಎಂದೂ ಹೇಳಲಿಲ್ಲ.

“ಅವ್ರು ಸುಳ್ ಹೇಳಿ ಕೆಲಸ ತಗೊಂಡ್ರು ಅಂತ ಆ ಮ್ಯಾನೇಜರ್ ಹಬ್ಬಿಸ್ದ, ಊರೆಲ್ಲ ಆಡ್ತು. ಅಲ್ಲ ಅಂತ ನಂಗ್ಗೊತ್ತಿತ್ತು... ಬೇರೆಯವರ ಬಾಯಲ್ಲಿ ಒಂದ್ಸಲ ಕೇಳ್ಬೇಕಿತ್ತು. ನಿನ್ನೆ ನೀನು ಹೇಳ್ದ್ಯಂತೆ, ಮದನ ಅಂದ.” ಸೆರಗಿನಿಂದ ಮುಖ ಒರೆಸಿಕೊಂಡಳು. “ನಿನ್ನ ಮೇಲೆ ಸಿಟ್ಟಿಲ್ಲ ಅಂತ ಹೇಳಾಕೆ ಇವತ್ತು ನನ್ನ ಕೈಲಾಗಲ್ಲ. ಮುಂದೆ ಆಯ್ತದೇನೋ. ಮದನ, ಬಸ್‌ಸ್ಟ್ಯಾಂಡಿಗೆ ಬಿಟ್ಟು ಬಾ.”

ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಹತ್ತಿರ ಮದನ್ ನಿಂತ.

“ತಪ್ಪು ನಂದು ಇಂದ್ರಾ.”

ಅವನು ಹಾಗೆ ಕರೆದದ್ದು ಅದೇ ಮೊದಲು. ಅವಳು ತಲೆಯೆತ್ತಲಿಲ್ಲ.

“ಎರಡು ತಿಂಗಳು ಹಠ ಮಾಡ್ದೆ. ನೀನು ಹೇಳಿದ ದಿನವೇ ಅರ್ಜಿ ಹಾಕಿದ್ರೆ ಆ ಕೆಲಸ ನಂಗೇ ಬರ್ತಿತ್ತು. ಅದು ನಂಗೆ ಮೊದಲ್ನೇ ದಿನದಿಂದ್ಲೂ ಗೊತ್ತು... ತಡ್ಕೊಳ್ಳೋಕಾಗ್ಲಿಲ್ಲ. ನಿನ್ನ ತಲೆಗೆ ಕಟ್ಟಿ ಹಗುರ ಆಗೋಣ ಅಂತ ನೋಡ್ದೆ.”

“ಹಗುರ ಆಯ್ತಾ?”

“ಇಲ್ಲ.” ಅವನು ಬೆಂಚಿನ ಮೇಲೆ ಕೂತ. “ಬಾವನೂ ಇಲ್ಲ, ನೀನೂ ಇಲ್ಲ ಅಂತಾಯ್ತು. ನನ್ನ ಜೀವ ಇರೋದೇ ನಿನ್ನಲ್ಲಿ ಇಂದ್ರಾ... ಇದನ್ನ ಹೇಳೋ ಹೊತ್ತಲ್ಲ ಅಂತಾನೂ ಗೊತ್ತು.”

ಅವಳು ಕಣ್ಣೊರೆಸಿಕೊಂಡಳು. “ನೀವು ಮಾತಾಡ್ಬೇಡಿ ಅಂದ್ರಲ್ಲ... ಆವತ್ತಿಂದ ದಿನಾ ಮನಸ್ಸಲ್ಲೇ ನಿಮ್ಮ ಹತ್ರ ಮಾತಾಡ್ತಿದ್ದೆ.”

ಹದಿನಾರಿನ ಕಡೆ ಹೋಗುವ ಬಸ್ಸು ಬಂತು. ಅವಳು ಹತ್ತಿ ಕಿಟಕಿಯ ಪಕ್ಕ ಕೂತಳು. ತಿರುಗಿ ನೋಡಿದರೆ ಮದನನೂ ಹತ್ತಿ ಅವಳ ಪಕ್ಕದಲ್ಲಿ ಕೂರುತ್ತಿದ್ದ!

“ನೀವೆಲ್ಲಿಗೆ?”

“ನಿಮ್ಮವ್ವನ ಹತ್ರ. ಮದುವೆ ಮಾತಿಗಲ್ಲ. ಅಕ್ಕನ ಮನೇಲಿ ವರ್ಷ ತುಂಬೋವರ್ಗೂ ಅದನ್ನ ಎತ್ತಲ್ಲ. ನಿನ್ನ ಕೆಲಸ ಯಾಕೆ ಹೋಯ್ತು ಅಂತ ಅವ್ವಂಗೆ ಇನ್ನೂ ಹೇಳಿಲ್ಲ ಅಲ್ವಾ?”

ಅವಳು ಇಲ್ಲವೆಂದು ತಲೆಯಾಡಿಸಿದಳು.

“ಅದನ್ನ ನೀನೊಬ್ಳೇ ಹೇಳೋದು ಬೇಡ.”

ಬಸ್ಸು ಹೊರಟಿತು. ಊರು ದಾಟಿದ ಮೇಲೆ ಇಂದ್ರಾಣಿ ಅವನ ತೋಳಿಗೆ ಮೆಲ್ಲಗೆ ತಲೆಯಾನಿಸಿದಳು.

“ಅವ್ವ ಬೈತಾಳೆ...”

“ಬೈಸ್ಕೊಳ್ಳೋಣ.”

“ಇಬ್ರೂ?”

“ಇಬ್ರೂ.”