ಹಸಿರು ದೀಪ ಹತ್ತದ ಮಾತು

ಬೆಳಿಗ್ಗೆ ಹತ್ತಕ್ಕೆ ಠಾಣೆಗೆ ಬಂದ ಹೆಂಗಸು ಕುರ್ಚಿಯ ತುದಿಯಲ್ಲಿ ಕೂತು ಒಂದೇ ಉಸಿರಿಗೆ ದೂರು ಹೇಳಿದಳು. "ನನ್ನ ಗಂಡನ ಹೆಸರಲ್ಲಿ ಬೇರೆ ಯಾರೋ ಮಾತಾಡ್ತಿದ್ದಾರೆ ಸಾರ್."

ಇನ್‌ಸ್ಪೆಕ್ಟರ್ ಪೆನ್ನು ಕೆಳಗಿಟ್ಟರು. ಗಂಡ ಮೆಕ್ಯಾನಿಕ್. ಪಾರ್ಶ್ವವಾಯು ಹೊಡೆದು ಕೈಕಾಲು, ನಾಲಿಗೆ ಎಲ್ಲ ಬಿದ್ದುಹೋಗಿವೆ. ಆಸ್ಪತ್ರೆಯವರು ತಲೆಯೊಳಗೆ ಚಿಪ್ ಇಟ್ಟಿದ್ದಾರೆ. ಅವನು ಮನಸ್ಸಿನಲ್ಲಿ ಆಡಿದ ಮಾತನ್ನು ಯಂತ್ರ ಊಹಿಸಿ ಪರದೆಗೆ ತರುತ್ತದೆ, ಆಸ್ಪತ್ರೆಯ ಲಿಪಿಕಾರ್ತಿ ಅದನ್ನು ಚೀಟಿಯಲ್ಲಿ ಬರೆದು ಮನೆಯವರಿಗೆ ಕೊಡುತ್ತಾಳೆ. ಆ ಹೊತ್ತಿನಲ್ಲಿ ಮನೆಯವರು ಒಳಗೆ ಇರುವಂತಿಲ್ಲ. ಈಗ ತಲೆಗೆ ಇನ್ನೊಂದು ಆಪರೇಷನ್ ಆಗಲಿ ಎಂದು ಅವನೇ ಒಪ್ಪಿದನಂತೆ. ನಾಳೆಯೇ ಆಪರೇಷನ್, ಪ್ರಾಣಕ್ಕೂ ಅಪಾಯವಿದೆ.

"ಅವರ ಮಾತಲ್ಲ ಅಂತ ಹೇಗೆ ಹೇಳ್ತೀರಮ್ಮ?"

"ಚೀಟಿ ತುಂಬಾ 'ಪ್ರಿಯೆ, ಪ್ರಿಯೆ' ಅಂತಿದೆ. ಇಷ್ಟು ವರ್ಷ ಸಂಸಾರ ಮಾಡಿದೀನಿ ಸಾರ್, ಆ ಮನುಷ್ಯ ನನ್ನನ್ನ ಮೂದೇವಿ ಅನ್ನೋದು ಬಿಟ್ಟು ಬೇರೆ ಹೆಸರಲ್ಲಿ ಕರೆದೇ ಇಲ್ಲ!"

ಕಾನ್‌ಸ್ಟೇಬಲ್ ನಗು ತಡೆಯಲಾರದೆ ಗೋಡೆಯ ಕಡೆ ತಿರುಗಿದ. ಇನ್‌ಸ್ಪೆಕ್ಟರ್ ನಗಲಿಲ್ಲ. ಅವರ ತಲೆಗೆ ಆಗಲೇ ಹುಳ ಹೊಕ್ಕಿತ್ತು. ಎಫ್‌ಐಆರ್ ದಾಖಲಾಯಿತು.

ಆಸ್ಪತ್ರೆಯಲ್ಲಿ ವೈದ್ಯರು ನಿಯಮ ವಿವರಿಸಿದರು. "ಬರೆದದ್ದನ್ನ ಲಿಪಿಕಾರ್ತಿ ರೋಗಿಗೆ ಓದಿ ಹೇಳಬೇಕು. ಸರಿ ಇದ್ರೆ ಅವರು ಮುಷ್ಟಿ ಬಿಗಿದ ಹಾಗೆ ನೆನೆಸ್ಕೋತಾರೆ, ಹಸಿರು ದೀಪ ಹತ್ತುತ್ತೆ. ಹತ್ತದೇ ಇದ್ರೆ ಅದು ಅವರ ಮಾತಲ್ಲ."

ಮೊದಲು ಯಂತ್ರವನ್ನೇ ಪರೀಕ್ಷಿಸಬೇಕಲ್ಲ? ಲಿಪಿಕಾರ್ತಿಯನ್ನು ಹೊರಗೆ ಕೂರಿಸಿ, ಹೆಂಡತಿಯನ್ನು ಒಳಗೆ ಕರೆಸಿದರು. ಇನ್‌ಸ್ಪೆಕ್ಟರ್ ಟೋಪಿ ತೆಗೆದು, ಜೇಬಿನಿಂದ ಬಾಚಣಿಗೆ ತೆಗೆದು ರೋಗಿಯ ಕಣ್ಣೆದುರು ಹಿಡಿದರು. ಪರದೆಯ ಮೇಲೆ ಅಕ್ಷರ ಮೂಡಿದವು.

ನಿಯಮ ನಿಯಮವೇ. ಇನ್‌ಸ್ಪೆಕ್ಟರ್ ಗಂಟಲು ಸರಿಮಾಡಿಕೊಂಡು ತಾವೇ ಓದಿದರು: "ಬೋಳುತಲೆಗೆ ಬಾಚಣಿಗೆ ಯಾಕೋ?"

ದೀಪ ತಟ್ಟನೆ ಹತ್ತಿತು.

"ಯಂತ್ರ ನಂಬಬಹುದು ಸಾರ್," ಎಂದ ಕಾನ್‌ಸ್ಟೇಬಲ್.

ಆಮೇಲೆ ಒಪ್ಪಿಗೆಯ ಮಾತು ಓದಿದರು. ದೀಪ ಹತ್ತಲಿಲ್ಲ. 'ಪ್ರಿಯೆ' ಚೀಟಿ ಒಂದಕ್ಕೂ ಹತ್ತಲಿಲ್ಲ. ಆಪರೇಷನ್ ಬೇಕಾ ಎಂದು ಕೇಳಿದಾಗ ಪರದೆಗೆ 'ಬೇಡ' ಎಂದು ಬಂತು. ಓದಿದರು, ಹತ್ತಿತು. ವೈದ್ಯರು, ನರ್ಸು ಸಾಕ್ಷಿಗಳಾಗಿ ಪಂಚನಾಮೆಗೆ ಸಹಿ ಹಾಕಿದರು. ಆಪರೇಷನ್ ರದ್ದಾಯಿತು.

ಲಿಪಿಕಾರ್ತಿಯನ್ನು ಪಕ್ಕದ ಕೋಣೆಗೆ ಕರೆದರು.

"ಓದಿ ಹೇಳಿದ್ರಾ?"

"ಇಲ್ಲ ಸಾರ್."

"ಯಾಕೆ?"

"ದಿನಾ ಪರದೆ ಖಾಲಿ. ಅವರ ಹೆಂಡ್ತಿ, ಆ ಅಕ್ಕ, ಬಾಗಿಲಲ್ಲಿ ಕಾಯ್ತಾ ಇರ್ತಿದ್ರು. ಬರಿಗೈಲಿ ಹೇಗೆ ಹೋಗ್ಲಿ?"

"ಒಪ್ಪಿಗೆ?"

ಅವಳು ಅಳತೊಡಗಿದಳು. "ಬೇಡ ಅಂದಿದ್ರು. ಆದ್ರೆ ಆಪರೇಷನ್ ಆದ್ರೆ ಚೆನ್ನಾಗಿ ಮಾತಾಡ್ತಾರಂತೆ. ಆಗ ನಾನು ಸುಳ್ಳು ಬರೆಯೋದು ನಿಲ್ಲಿಸಬಹುದಿತ್ತು."

ಪಾಪ ಅನ್ನಿಸಿತು. ಆದರೂ ಆ ಪಾಪದ ಹುಡುಗಿ ಒಂದು ಜೀವವನ್ನೇ ಪಣಕ್ಕಿಟ್ಟಿದ್ದಳು. ಸುಳ್ಳು ದಾಖಲೆ ಸೃಷ್ಟಿಸಿದ ಆರೋಪದ ಮೇಲೆ ಸಂಜೆ ನಾಲ್ಕಕ್ಕೆ ಬಂಧಿಸಿದರು.

ಅವಳನ್ನು ಕರೆದೊಯ್ಯುವಾಗ ರೋಗಿಯ ಹೆಂಡತಿ ಬಾಗಿಲಿಗೆ ಬಂದಳು. ಬೈಯಲಿಲ್ಲ. ಇನ್‌ಸ್ಪೆಕ್ಟರ್ ಕಡೆ ತಿರುಗಿ, "ಹಾಗಾದ್ರೆ ಅವರು ನನಗೆ ಅಂತ ಒಂದು ಮಾತೂ ಆಡಿಲ್ವಾ ಸಾರ್?" ಎಂದಳು.

ಇನ್‌ಸ್ಪೆಕ್ಟರ್ ಮತ್ತೆ ಒಳಗೆ ಹೋಗಿ, ಹೆಂಡತಿಗೆ ಏನಾದರೂ ಹೇಳುವುದಿದೆಯಾ ಎಂದು ರೋಗಿಯನ್ನು ಕೇಳಿದರು. ಪರದೆ ಬಹಳ ಹೊತ್ತು ಖಾಲಿ ಇತ್ತು. ಯಾರೂ ಅದನ್ನು ತುಂಬಲು ಹೋಗಲಿಲ್ಲ. ಕೊನೆಗೆ ಬಂದ ಸಾಲನ್ನು ಅವರು ನಿಧಾನವಾಗಿ ಓದಿದರು: "ಆ ಮೂದೇವಿ ಊಟ ಮಾಡಿದ್ಲಾ?"

ಹಸಿರು ದೀಪ ಹತ್ತಿತು.

"ಇನ್ನೂ ಇಲ್ಲ ರೀ," ಎಂದು ಅವಳು ಮಂಚದ ಪಕ್ಕ ಕೂತಳು.