ಮನೆಮನೆಗೆ ತಾಯವ್ವ

ಬಾಳಾಸಾಹೇಬನ ಎಮ್ಮೆ ಹಾಲು ಬತ್ತಿಸಿಕೊಂಡಿತು. ಕೇರಿಯ ತಾಯವ್ವ ಮಾಟ ಮಾಡಿದ್ದಾಳೆಂದು ಅವಳನ್ನು ಬೇವಿನ ಮರಕ್ಕೆ ಕಟ್ಟಿ, ಹಸಿ ಕಬ್ಬಿನ ಜಲ್ಲೆಯಿಂದ ಹೊಡೆದರು. ಬಾಳಾಸಾಹೇಬನ ತಮ್ಮ ಮಾಂತೇಶ ಅದನ್ನೆಲ್ಲ ಫೋನಿನಲ್ಲಿ ತೆಗೆದ.

ಆ ವಿಡಿಯೋ ಪೆನ್‌ಡ್ರೈವಿನಲ್ಲಿ ಬನಹಟ್ಟಿಯ ಒಂದು ಸ್ಟುಡಿಯೋಕ್ಕೆ ಬಂತು. ಅಲ್ಲಿ ಕಂಪ್ಯೂಟರಿನ ಮುಂದೆ ಕೂರುವವನು ಅಮೋಲ. ಪುಣೆಯಲ್ಲಿ ಓದಿ ಬಂದವನು, ಕೆಲಸಕ್ಕೆ ಹೊಸಬ. ಮದುವೆ ವಿಡಿಯೋಗಳನ್ನು ಡಿವಿಡಿಗೆ ಹಾಕಿಕೊಡುವುದು ಅವನ ಕೆಲಸ.

"ಊರಾಗ ಮನಿಗೊಂದು ಮಾಡು," ಎಂದ ಬಾಳಾಸಾಹೇಬ. "ಫೋನಿನ್ಯಾಗ ಕಳಿಸಿದ್ರ ಪೊಲೀಸರ ಕೈಗೆ ಸಿಗತೈತಿ. ಡಿವಿಡಿ ಆದ್ರ ಹೆಂಗಸರು ಮಕ್ಕಳು ಕೂಡಿ ಟಿವಿಯಾಗ ನೋಡ್ತಾರ. ಆ ಕೇರಿಯವರು ಇನ್ನೊಮ್ಮೆ ತಲಿ ಎತ್ತಬಾರದು."

ಅವನು ಹೋದ ಮೇಲೆ ತಾಯವ್ವನ ಮಗಳು ಪ್ರತಿಮಾ ಬಂದಳು. ಹೊಸ್ತಿಲ ಹೊರಗೇ ನಿಂತಳು.

"ಅಣ್ಣಾರ, ನೀವು ನಮ್ಮ ಪೈಕಿ ಅಂತ ಗೊತ್ತಾತು, ಅದಕ್ಕ ಬಂದೇನಿ. ಅದನ್ನ ನಕಲ ಮಾಡಬ್ಯಾಡ್ರಿ."

"ಕೆಲಸದಾಗ ನಮ್ಮವರು ನಿಮ್ಮವರು ಅಂತ ಇಲ್ಲ ತಂಗಿ. ಫೈಲ್ ಬರತೈತಿ, ಹಾಕ್ತೀನಿ."

"ನಮ್ಮವ್ವಗ ಮಾಟ ಬರತಿರಲಿಲ್ರಿ. ಈಗ ಆಕಿ ಸೀರಿ ಮ್ಯಾಲಿನ ರಕ್ತ ಒಣಗವಲ್ದು. ಬಿಸಲಿಗೆ ಹಾಕಿದ್ರೂ ಒಣಗವಲ್ದು. ಮಾತ ಬಿಟ್ಟಾಳ. ಅಂದದ್ದು ಒಂದ: ಈ ಏಟು ತೋರಿಸಿದವರ ಬೆನ್ನಿಗೆ ಹೋಗಲಿ, ಅಂತ. ನನಗ ಅಂಜಿಕಿ ಬರಾಕತ್ತೈತ್ರಿ."

ಅಮೋಲ ನಕ್ಕ. "ಹೊಡದವರೂ ಮೂಢರು, ನೀನೂ ಮೂಢಿ. ಡಿವಿಡಿಗೆ ದೆವ್ವ ಬಡಿಯೂದಿಲ್ಲ, ಗೀರು ಬಿದ್ರ ಅಷ್ಟ ಕೆಡತೈತಿ. ಮನಿಗೆ ನಡಿ."

ಮಾಟವನ್ನು ನಂಬದವನೆಂಬ ಹೆಮ್ಮೆ ಅವನಿಗಿತ್ತು. ಮಾಟಗಾತಿಯೆಂದು ಹೆಣ್ಣೊಬ್ಬಳ ಬೆನ್ನು ಸುಲಿದದ್ದನ್ನು ಮನೆಮನೆಗೆ ಹಂಚುವುದಕ್ಕೆ ಆ ಹೆಮ್ಮೆ ಅಡ್ಡ ಬರಲಿಲ್ಲ.

ಕಪ್ಪು ಪರದೆ ಎಳೆದು ಕೂತ. ಹಾಡಹಗಲೇ ಕೋಣೆ ಕತ್ತಲಾಯಿತು. ಹೊರಗೆ ಮಗ್ಗಗಳ ಖಟಖಟ, ಒಳಗೆ ಬಿಸಿಯಾದ ಪ್ಲಾಸ್ಟಿಕ್ಕಿನ ವಾಸನೆ. ಆ ಸ್ಟುಡಿಯೋದ ಪ್ರತಿ ಡಿವಿಡಿಯೂ ಶಹನಾಯಿ, ಚೆಂಡುಹೂವಿನ ಮಾಲೆಯಿಂದಲೇ ಶುರುವಾಗುವುದು. ಕೈ ರೂಢಿಯಂತೆ ಅದನ್ನೇ ಇದಕ್ಕೂ ಜೋಡಿಸಿಬಿಟ್ಟಿತ್ತು. ಗೊತ್ತಾದಾಗ ಅರ್ಧ ಡಿವಿಡಿಗಳು ಮುಗಿದಿದ್ದವು. ಇರಲಿ ಬಿಡು, ಅಂದುಕೊಂಡ.

ಕಂಪ್ಯೂಟರಿನಲ್ಲಿ ಓಡಿದ ಡಿವಿಡಿ ಮನೆಯ ಪ್ಲೇಯರಿನಲ್ಲಿ ನಿಂತುಬಿಡುವುದುಂಟು. ಕೊಡುವ ಮೊದಲು ಹಾಕಿ ನೋಡಲೆಂದೇ ಮೂಲೆಯಲ್ಲೊಂದು ಹಳೆಯ ಪ್ಲೇಯರು, ಟಿವಿ ಇದ್ದವು. ಆದರೆ ಒಯ್ಯಲು ಬಂದ ಮಾಂತೇಶ ಅವಸರದಲ್ಲಿದ್ದ. ಕಟ್ಟನ್ನು ಬೈಕಿಗೆ ಬಿಗಿದು ಊರಿಗೆ ಹೊರಟೇಹೋದ. ತಾಸು ಕಳೆದ ಮೇಲೆ, ಉಳಿಸಿಕೊಂಡ ಒಂದನ್ನು ಅಮೋಲ ಪ್ಲೇಯರಿಗೆ ಹಾಕಿದ.

ಶಹನಾಯಿ. ಚೆಂಡುಹೂವು. ಬೇವಿನ ಮರ.

ಫೈಲಿನಲ್ಲಿ ತಾಯವ್ವನ ಮುಖ ಕಾಂಡಕ್ಕೆ ಒತ್ತಿಕೊಂಡಿತ್ತು. ಇಲ್ಲಿ ಇತ್ತ ತಿರುಗಿತ್ತು. ಕಣ್ಣು ನೆಟ್ಟಗೆ ಅವನ ಮೇಲೆ. ಜಲ್ಲೆ ಎದ್ದಿತು. ಬಿದ್ದಿತು.

ಅಮೋಲನ ಬೆನ್ನು ಸೀಳಿತು.

ಅವನು ಟಿವಿ ಆರಿಸಿದ. ವೈರು ಕಿತ್ತ. ಕತ್ತಲು. ಮಗ್ಗಗಳ ಸದ್ದೂ ನಿಂತಂತೆ ಅನ್ನಿಸಿತು. ಹಸಿ ಕಬ್ಬಿನ ಸಿಹಿ ವಾಸನೆ ಕೋಣೆ ತುಂಬಿತು. ಅಂಗಿಯೊಳಗೆ ಕೈ ಹಾಕಿದ. ಅಂಟು. ರಕ್ತವೋ ಹಾಲೋ ತಿಳಿಯಲಿಲ್ಲ. ಮತ್ತೊಂದು ಏಟು. ಇಲ್ಲಿ ಟಿವಿ ಸತ್ತಿದೆ. ಮತ್ತೆಲ್ಲಿ? ಊರಿನಲ್ಲಿ. ಯಾರೋ ಹಾಕಿದ್ದಾರೆ. ಇನ್ನೊಂದು ಮನೆಯಲ್ಲಿ. ಇನ್ನೊಂದು. ಏಟಿನ ಮೇಲೆ ಏಟು. ಪರದೆಯಡಿಯ ಬೆಳಕಿನ ಗೆರೆಯಲ್ಲಿ, ಹೊಸ್ತಿಲು ದಾಟಿ ಇರುವೆಗಳು ಸಾಲಾಗಿ ಬರುತ್ತಿದ್ದವು. ಅವನ ಕಾಲೇರಿದವು. ಬೆನ್ನು ಮುತ್ತಿದವು.

ಅವನು ಊರು ಮುಟ್ಟಿದಾಗ ಇನ್ನೂ ಬಿಸಿಲಿತ್ತು. ಓಣಿಯ ಮನೆಮನೆಯಿಂದ ಶಹನಾಯಿ ಬರುತ್ತಿತ್ತು.

"ಬಂದ್ ಮಾಡ್ರೀ! ಕೈ ಮುಗೀತೀನಿ, ಬಂದ್ ಮಾಡ್ರೀ!"

ಬಾಗಿಲಲ್ಲಿ ಕೂತ ಮುದುಕಿಯೊಬ್ಬಳು ಟಿವಿಯಿಂದ ಕಣ್ಣು ಕೀಳಲಿಲ್ಲ. "ತಡಿಯೋ ಹುಡುಗಾ, ಇನ್ನಾ ಹೊಡಿಯೂದ ಬಂದಿಲ್ಲ."

ಅವನು ಕೇರಿಯತ್ತ ಓಡಿದ. ಬಿದ್ದ. ತೆವಳಿದ.

ತಾಯವ್ವನ ಮನೆಯ ಮುಂದೆ ಬಾಳಾಸಾಹೇಬ ಆಗಲೇ ನಿಂತಿದ್ದ. ಅವನ ಕಾಲ ಬಳಿ ಮಾಂತೇಶ ಬೋರಲು ಬಿದ್ದಿದ್ದ. ಅಂಗಿ ಚರ್ಮಕ್ಕೆ ಅಂಟಿತ್ತು. ಇರುವೆಗಳ ಕೆಳಗೆ ಅಂಗಿಯ ಬಣ್ಣ ಕಾಣುತ್ತಿರಲಿಲ್ಲ.

"ಏ ಮುದಕಿ, ತಗಿ ನಿನ್ನ ಮಾಟಾ!" ಬಾಳಾಸಾಹೇಬನ ದನಿ ಒಡೆದಿತ್ತು. "ತಮ್ಮ ಸಾಯಾಕತ್ತಾನ. ತಗೀತಿಯೋ, ಮನಿಗೆ ಬೆಂಕಿ ಹಚ್ಚಲೋ?"

"ಹಚ್ಚರಿ," ಎಂದಳು ಬಾಗಿಲಲ್ಲಿ ನಿಂತ ಪ್ರತಿಮಾ. "ಅದನ್ನೂ ವಿಡಿಯೋ ಮಾಡ್ರಿ."

ಬಾಳಾಸಾಹೇಬನ ಕೈ ಮೇಲೆದ್ದಿತು. ತಮ್ಮನ ಬೆನ್ನು ಕಂಡು ಅಲ್ಲೇ ನಿಂತಿತು.

ಅಮೋಲ ಕಟ್ಟೆಯ ಮೇಲೆ ಕೂತಿದ್ದ ತಾಯವ್ವನ ಪಾದ ಹಿಡಿದ. "ಅವ್ವಾ, ತಪ್ಪಾತು. ನಾ ಹೊಡದಿಲ್ಲ, ಬರೇ ನಕಲ ಮಾಡೇನಿ. ತಗೀರಿ ಅವ್ವಾ."

ಪಕ್ಕದ ಓಣಿಯಲ್ಲಿ ಮತ್ತೆ ಶಹನಾಯಿ ಶುರುವಾಯಿತು. ಮಾಂತೇಶ ಮಣ್ಣು ಕಚ್ಚಿ ಕಿರುಚಿದ. ಅಮೋಲನ ಬೆನ್ನು ತಂತಾನೇ ಬಾಗಿತು.

ತಾಯವ್ವ ಕಾಲು ಹಿಂದಕ್ಕೆಳೆದುಕೊಂಡಳು. ಅಷ್ಟು ದಿನದಲ್ಲಿ ಮೊದಲ ಸಲ ಅವಳ ದನಿ ಓಣಿಗೆಲ್ಲ ಕೇಳಿತು.

"ಮಾಟ ಬರೂದಿಲ್ಲ ಅಂತ ಬಾಯಿ ಹರಕೊಂಡೆ. ಬರತೈತಿ ಅಂದವರು ನೀವ. ಈಗ ಬಂದೈತಿ. ನಾ ತಗಿಯೂದಿಲ್ಲ."