ಎಣ್ಣೆ ತೂತಿನ ಮುಚ್ಚಳ

"ಯಜಮಾನರು ಇಲ್ವಾ?"

ಅಂಗಡಿಯೊಳಗೆ ಇಣುಕಿದ ಯುವಕನ ಮೊದಲ ಮಾತಿಗೇ ವಿನೋದಾಳ ಮೂಗಿನ ತುದಿಗೆ ಸಿಟ್ಟು ಬಂತು.

"ನಿಮಗೆ ಬೇಕಾದದ್ದು ಯಜಮಾನರಾ, ಸಾಮಾನಾ?"

ಅವನು ನಕ್ಕುಬಿಟ್ಟ. ಅವಳ ಸಿಟ್ಟು ಅರ್ಧದಲ್ಲೇ ನಿಂತಿತು... ಉಳಿದರ್ಧ ಎಲ್ಲಿ ಹೋಯಿತೋ ಅವಳಿಗೇ ತಿಳಿಯಲಿಲ್ಲ!

ಅದು ಎಪ್ಪತ್ತೆಂಟನೇ ಇಸವಿ. ಜೆಪ್ಪುವಿನ ಆ ಸೈಕಲ್ ಅಂಗಡಿ ಜಯಪಾಲ ಶೆಟ್ಟರದ್ದು. ಅವರಿಗೆ ಮಂಡಿನೋವು ಬಂದ ಮೇಲೆ ಮಗಳು ವಿನೋದಾಳದ್ದೇ ಕಾರುಬಾರು. ಬಂದವನು ಬೋಳಾರದ ಚಿತ್ತರಂಜನ. ಅವನ ಅಜ್ಜನ ಇಂಗ್ಲೆಂಡಿನ ಸೈಕಲ್ಲಿಗೆ ಒಂದಿದ್ದರೆ ಇನ್ನೊಂದಿಲ್ಲ. ಹೊಸ ಸಾಮಾನು ಅದಕ್ಕೆ ಕೂರುವುದೂ ಇಲ್ಲ.

ವಿನೋದಾ ಹಟಕ್ಕೆ ಬಿದ್ದಳು. ಗುಜರಿ ಅಂಗಡಿಗಳಲ್ಲಿ ಹುಡುಕಿಸಿದಳು, ಬೊಂಬಾಯಿಗೂ ಹೇಳಿ ಕಳುಹಿಸಿದಳು. ಬೆಲ್ಲಿನ ಮುಚ್ಚಳ ಸಿಕ್ಕಿತು, ಪೆಡಲಿನ ಕಾಟರ್ ಪಿನ್ನು ಸಿಕ್ಕಿತು. ಒಂದು ಸಿಕ್ಕಿದರೆ ಸಾಕು, ಇನ್ನೊಂದು ಇಲ್ಲವೆಂದು ಚಿತ್ತರಂಜನ ಮತ್ತೆ ಹಾಜರ್.

ಕೊನೆಗೆ ಉಳಿದದ್ದು ಹಿಂದಿನ ಚಕ್ರದ ನಡುವಿನ ಹಬ್ಬಿಗೆ ಎಣ್ಣೆ ಬಿಡುವ ತೂತಿನ ಮುಚ್ಚಳ. ಉಂಗುರದಂಥ ಸಣ್ಣ ಪಟ್ಟಿ. ಅಜ್ಜನ ಕಾಲದಲ್ಲೇ ಬಿದ್ದುಹೋಯಿತು ಅಂದಿದ್ದ ಚಿತ್ತರಂಜನ. ಅದೂ ಸಿಕ್ಕಿತು. ಆದರೆ ವಿನೋದಾ ಅದನ್ನು ಡ್ರಾಯರಿನಲ್ಲಿ ಅಡಗಿಸಿಟ್ಟಳು.

ಇದನ್ನೂ ಕೊಟ್ಟರೆ... ಮತ್ತೆ ಅವನು ಯಾಕೆ ಬರುತ್ತಾನೆ?

ಅಷ್ಟರಲ್ಲಿ ಪಕ್ಕದ ಚಾ ಅಂಗಡಿಯ ಕಮರುದ್ದೀನ್ ಸುದ್ದಿ ತಂದ. ಚಿತ್ತರಂಜನನ ಮನೆಯಲ್ಲಿ ಸೈಕಲ್ ಮಾರಾಟಕ್ಕಿದೆಯಂತೆ, ದುಬೈಗೆ ಹೊರಡುವ ತಯಾರಿಯಂತೆ.

ವಿನೋದಾ ಡ್ರಾಯರಿನ ಕಡೆ ನೋಡಿದಳು. ನಾನು ಊರೆಲ್ಲ ಹುಡುಕಿದ್ದು ಇವನು ಮಾರಿ ಹೋಗುವುದಕ್ಕಾ?

ಸಂಜೆ ಅವನು ಬಂದಾಗ ಮುಖ ನೋಡದೆ ಡ್ರಾಯರ್ ಎಳೆದಳು.

"ಮುಚ್ಚಳ ಸಿಕ್ಕಿತು. ಹಾಕಿ ಕೊಡ್ತೇನೆ. ಮಾರಿ ದುಬೈಗೆ ಹೋಗಿ."

"ಹೋಗುವುದು ನನ್ನ ಅಣ್ಣ. ಮಾರುವುದು ಅವನ ಹೊಸ ಸೈಕಲ್. ಅಜ್ಜನದ್ದನ್ನು ಯಾರಾದ್ರೂ ಮಾರ್ತಾರಾ ಮಾರಾಯ್ರೆ?"

ಹೋದ ಜೀವ ಬಂದಂತಾಯಿತು. ಅದು ಮುಖದಲ್ಲಿ ಕಾಣಬಾರದೆಂದು ವಿನೋದಾ ತಲೆ ತಗ್ಗಿಸಿ ಹಬ್ಬು ಒರೆಸತೊಡಗಿದಳು. ಅವಳ ಕೈ ನಿಂತಿತು.

ವರ್ಷಗಟ್ಟಲೆ ತೆರೆದಿದ್ದ ತೂತು ಧೂಳಿನಿಂದ ಕಟ್ಟಿಹೋಗಿರಬೇಕಿತ್ತು. ಇದರಲ್ಲಿ ಹೊಸ ಎಣ್ಣೆ ಮಿನುಗುತ್ತಿದೆ! ಪಟ್ಟಿ ಕೂತಿದ್ದ ಜಾಗದಲ್ಲಿ ತುಕ್ಕಿನ ಸುಳಿವೂ ಇಲ್ಲ.

"ಇದು ಅಜ್ಜನ ಕಾಲದಲ್ಲಿ ಬಿದ್ದದ್ದಲ್ಲ. ಮೊನ್ನೆ ಮೊನ್ನೆ ತೆಗೆದದ್ದು."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಚಿತ್ತರಂಜನನ ಕೈ ಅಂಗಿಯ ಜೇಬಿಗೆ ಹೋಯಿತು. ಹೊರಬಂದದ್ದು ಅಜ್ಜನ ಸೈಕಲ್ಲಿನದೇ ಮುಚ್ಚಳ.

"ಇದು ಇದ್ದಲ್ಲೇ ಇದ್ರೆ ನಾನು ಇಲ್ಲಿಗೆ ಎಂತ ಹೇಳಿ ಬರುವುದು?" ಅವನ ದನಿ ತಗ್ಗಿತು. "ನಿಮ್ಮನ್ನು ನೋಡದೆ ನನಗೆ ಆಗುವುದಿಲ್ಲ ವಿನೋದಾ."

ಅವಳ ಕಣ್ಣು ತುಂಬಿತು, ಜೊತೆಗೇ ನಗುವೂ ಉಕ್ಕಿತು.

"ನನ್ನ ಹತ್ರ ಇರುವುದು ಹೋದ ತಿಂಗಳೇ ಬಂದಿತ್ತು. ನಾನೇ ಅಡಗಿಸಿ ಇಟ್ಟದ್ದು."

ಚಿತ್ತರಂಜನ ತನ್ನ ಮುಚ್ಚಳವನ್ನು ಅವಳ ಅಂಗೈಗೆ ಹಾಕಿದ. ವಿನೋದಾ ಅಜ್ಜನ ಮುಚ್ಚಳವನ್ನೇ ಅದರ ಜಾಗದಲ್ಲಿ ಕೂರಿಸಿದಳು.

"ಇನ್ನು ನಾಳೆ ಎಂತ ಇಲ್ಲ ಅಂತ ಹೇಳಿ ಬರ್ಲಿ?" ಎಂದು ಅವನು ಕೇಳಿದ.

"ಸೈಕಲಿಗೆ ಈಗ ಎಲ್ಲ ಉಂಟು," ಎಂದಳು ವಿನೋದಾ, ಕೈಯ ಎಣ್ಣೆ ಒರೆಸಿಕೊಳ್ಳುತ್ತ. "ನಾಳೆ ಯಜಮಾನರು ಇರ್ತಾರೆ. ನಿಮ್ಮ ಅಮ್ಮನನ್ನು ಕರ್ಕೊಂಡು ಬನ್ನಿ."